ಹಿಂದಿನ ಸೀಟಿನಲ್ಲಿದ್ದಾರೆ

ಸೆಪ್ಟೆಂಬರ್ 12, 1994. ಸೋಮವಾರ. ಪಿಯೆಂಜಾ. ಸಂಜೆ 6

ಕಾಲು ಉಪ್ಪುನೀರಿನಲ್ಲಿ. ಹೋಟೆಲಿನ ಬಕೆಟ್ ಚಿಕ್ಕದು, ಒಂದೊಂದೇ ಪಾದ ಅದ್ದಬೇಕು. ಊಟಕ್ಕೆ ಇನ್ನೂ ಒಂದೂವರೆ ಗಂಟೆ ಇದೆ.

ಮೂರನೆಯ ದಿನ. ಹದಿನೆಂಟು ಜನ. ಎಲ್ಲರೂ ಬೆರ್ಗಮೊದ ಮೇಲಿನ ಕಣಿವೆಯವರು, ನಿವೃತ್ತರ ಸಂಘದ ಸದಸ್ಯರು. ಹನ್ನೆರಡು ದಿನದ ‘ನಿಧಾನ ಪ್ರವಾಸ’ — ಕಂಪನಿಯ ಕರಪತ್ರದಲ್ಲಿ ಹಾಗೆಯೇ ಅಚ್ಚಾಗಿದೆ. ದಿನಕ್ಕೆ ಒಂದೇ ಗುಡ್ಡದೂರು, ಒಂದು ಉದ್ದನೆಯ ಊಟ, ಮಧ್ಯಾಹ್ನ ನಿದ್ದೆ. ಇಪ್ಪತ್ತೆರಡು ವರ್ಷ ಜನರನ್ನು ಓಡಿಸಿ ಓಡಿಸಿ ಊರು ತೋರಿಸಿದವಳಿಗೆ ಇದು ಆರಾಮ ಅಂದುಕೊಂಡಿದ್ದೆ. ನಿಧಾನಕ್ಕೆಂದೇ ದುಡ್ಡು ಕೊಟ್ಟು ಬಂದವರೂ ಹತ್ತು ನಿಮಿಷ ಕಾಯಲಾರರು ಎಂದು ಈಗ ಗೊತ್ತಾಯಿತು.

ಕಾಯಿಸುವವರು ಒಬ್ಬರೇ. ತಾರ್ಚೀಸಿಯೊ ಬೊನೊಮೆಲ್ಲಿ. ಎಪ್ಪತ್ಮೂರು ವರ್ಷ. ಐವತ್ತು ವರ್ಷ ಕಲ್ಲಿನ ಮೇಲೆ ಅಕ್ಷರ ಕೆತ್ತಿದ ಮನುಷ್ಯ — ಸಮಾಧಿಕಲ್ಲು, ಶಾಲೆಯ ಹಲಗೆ, ಯುದ್ಧದಲ್ಲಿ ಸತ್ತವರ ಪಟ್ಟಿ. ಈಗ ಯಾವ ಊರಿಗೆ ಹೋದರೂ ಗೋಡೆಗೆ ಮುಖ ಒತ್ತಿ ಓದುತ್ತ ನಿಂತುಬಿಡುತ್ತಾರೆ. ಇವತ್ತು ಚೀಸ್ ಅಂಗಡಿಯಿಂದ ಎಲ್ಲರೂ ಪೊಟ್ಟಣ ಹಿಡಿದು ಬಸ್ ಹತ್ತಿದರೂ ಇವರಿಲ್ಲ. ಹುಡುಕಿದರೆ ಚರ್ಚಿನ ಹಿಂಬದಿಯಲ್ಲಿ, ಚರಂಡಿಯ ಪಕ್ಕದಲ್ಲಿ.

ಬಸ್ಸಿನಲ್ಲಿ ಮಫಾಲ್ದಾ ಶುರು ಮಾಡಿದ್ದಳು. ಔಷಧಿ ಅಂಗಡಿಯವನ ವಿಧವೆ, ಸಂಘದ ಖಜಾಂಚಿ, ಗಂಟಲು ದೊಡ್ಡದು.

“ಎರ್ಸೀಲಿಯಾ, ನಿಮ್ಮ ಯಜಮಾನ್ರ ಕೊರಳಿಗೆ ಒಂದು ಗಂಟೆ ಕಟ್ರೀ. ಬೆಟ್ಟದಲ್ಲಿ ಹಸುಗೆ ಕಟ್ತಾರಲ್ಲ, ಹಾಗೆ. ಎಲ್ಲಿ ಮೇಯ್ತಿದಾರೆ ಅಂತ ನಮಗಾದ್ರೂ ಗೊತ್ತಾಗುತ್ತೆ.”

ಎಲ್ಲರೂ ನಕ್ಕರು. ಎರ್ಸೀಲಿಯಾ — ಅವರ ಹೆಂಡತಿ, ಸಣ್ಣ ಜೀವ — ಕೂಡ ನಕ್ಕಳು. ಆಮೇಲೆ ಎದ್ದು ಸೀಟಿನಿಂದ ಸೀಟಿಗೆ ಹೋಗಿ ಪೆಪ್ಪರ್‌ಮಿಂಟು ಹಂಚಿದಳು. “ತಪ್ಪು ತಿಳ್ಕೋಬೇಡಿ. ತಪ್ಪು ತಿಳ್ಕೋಬೇಡಿ.” ಮೂರು ದಿನದಲ್ಲಿ ಇದು ಐದನೆಯ ಸಲ.

ಸೆಪ್ಟೆಂಬರ್ 13, ಮಂಗಳವಾರ. ಮಧ್ಯಾಹ್ನ 3

ದ್ರಾಕ್ಷಿತೋಟದ ಮನೆಯಲ್ಲಿ ಊಟ. ಮಲ್ಬೆರಿ ಮರದ ಕೆಳಗೆ ಉದ್ದ ಮೇಜು. ಬೇಯಿಸಿದ ಬಿಳಿ ಅವರೆ, ಹಂದಿಮಾಂಸ, ಕೊನೆಗೆ ಪೀಚ್. ಅರ್ಧ ಜನ ಹುಲ್ಲಿನ ಮೇಲೆ ಟೋಪಿ ಮುಚ್ಚಿ ಮಲಗಿದ್ದಾರೆ. ಡ್ರೈವರ್ ಒತ್ತಾವಿಯೊ ಬಸ್ಸಿನ ನೆರಳಲ್ಲಿ ರೇಡಿಯೊ ಕಿವಿಗಿಟ್ಟುಕೊಂಡಿದ್ದಾನೆ.

ತಾರ್ಚೀಸಿಯೊ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದೊಯ್ದರು. 1741ರ ಕೆತ್ತನೆ. “ಈ ‘ಆರ್’ ನೋಡಿ ನಿವೆಸ್. ಕಾಲು ಹೇಗೆ ಚಾಚಿದೆ. ಊಟ ಆದ ಮೇಲೆ ಕೆತ್ತಿದಾನೆ ಇವನು. ಹೊಟ್ಟೆ ಹಸಿದೋನ ‘ಆರ್’ ಹೀಗೆ ಇರಲ್ಲ.” ನನ್ನ ಬೆರಳು ಹಿಡಿದು ಆ ಗೆರೆಯ ಮೇಲೆ ಓಡಿಸಿದರು. ಇಷ್ಟು ವರ್ಷ ಈ ಬಾವಿಯ ಪಕ್ಕ ಜನರ ಫೋಟೊ ತೆಗೆದಿದ್ದೇನೆ. ಅಕ್ಷರ ಇದೆಯೆಂದೇ ಗೊತ್ತಿರಲಿಲ್ಲ.

ಮೇಜಿಗೆ ಮರಳಿ ಅವರು ಪೀಚ್ ಸುಲಿದು, ತೆಳ್ಳಗೆ ಹೋಳು ಮಾಡಿ, ಹೆಂಡತಿಯ ವೈನ್ ಲೋಟಕ್ಕೆ ಒಂದೊಂದೇ ಬಿಟ್ಟರು. ಅವಳು ನೋಡಲಿಲ್ಲ, ಆದರೆ ಲೋಟವನ್ನು ಅವರ ಕಡೆ ಸರಿಸಿ ಇಟ್ಟುಕೊಂಡಿದ್ದಳು.

ಅವರು ಕೈತೊಳೆಯಲು ಹೋದಾಗ ಹೇಳಿದಳು: “ಮದುವೆ ದಿನ ನಲವತ್ತು ನಿಮಿಷ ತಡ. ದಾರೀಲಿ ಯಾವುದೋ ಕಲ್ಲಿನ ಗಣಿ ಕಂಡಿತ್ತಂತೆ. ನಾನು ಹೂ ಹಿಡ್ಕೊಂಡು ಚರ್ಚಿನ ಬಾಗಿಲಲ್ಲಿ. ಬಂದವರಿಗೆಲ್ಲ ಈಗ ಬರ್ತಾರೆ, ಈಗ ಬರ್ತಾರೆ ಅಂತ ಹೇಳ್ತಾ ನಿಂತಿದ್ದೆ. ಇನ್ನೂ ಅದನ್ನೇ ಹೇಳ್ತಿದೀನಿ. ನಲವತ್ತೈದು ವರ್ಷ.”

“ಬೈಯಲ್ವಾ ನೀವು?”

“ಬೈದ್ರೆ ಸರಿ, ಸರಿ ಅಂತಾರೆ. ಒಳ್ಳೆಯೋರು ರೀ. ಅದೇ ಕಷ್ಟ. ಎಲ್ಲರಿಗೂ ಅವರು ಇಷ್ಟ. ಬೈಗುಳ ಮಾತ್ರ ನಂಗೆ.”

ನಗುತ್ತಲೇ ಹೇಳಿದಳು. ನಾನು ಕಾಫಿ ತರಿಸಿದೆ.

ಸೆಪ್ಟೆಂಬರ್ 15, ಗುರುವಾರ. ಪೊಜ್ಜೊ ಆರ್ಸೊ. ಬೆಳಿಗ್ಗೆ 6.30

ನಿನ್ನೆ ಬರೆಯಲಿಲ್ಲ. ಬರೆಯಲಾಗಲಿಲ್ಲ.

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಠಾಣೆಯಲ್ಲಿ ಹೇಳಿದ್ದೂ ಇದೇ.

ನಿನ್ನೆ ಬೆಳಿಗ್ಗೆ ಪ್ರಾಂತ್ಯದ ಗಡಿ ದಾಟಿ ಉಂಬ್ರಿಯಾಕ್ಕೆ ಬಂದೆವು. ಈ ಊರು ಗುಡ್ಡದ ನೆತ್ತಿಯಲ್ಲಿದೆ. ಬಸ್ ಕೋಟೆಬಾಗಿಲ ಹೊರಗೆ ನಿಲ್ಲಬೇಕು, ಅದೂ ಅರ್ಧ ರಸ್ತೆಗೆ ಅಡ್ಡಲಾಗಿ. ಎರಡು ಗಂಟೆ ಸುತ್ತಾಟ. ಹನ್ನೊಂದೂವರೆಗೆ ಸರಿಯಾಗಿ ಮಳೆ ಸುರಿಯಿತು. ಎಲ್ಲರೂ ತಲೆಯ ಮೇಲೆ ಚೀಲ ಹಿಡಿದು ಓಡಿ ಬಂದರು. ಮಫಾಲ್ದಾಳ ಬೂಟಿನೊಳಗೆ ನೀರು. ಹಿಂದೆ ತರಕಾರಿ ವ್ಯಾನಿನವನು ಬಿಡದೆ ಹಾರನ್ ಹೊಡೆಯುತ್ತಿದ್ದ. ಒತ್ತಾವಿಯೊ, “ನಿವೆಸ್, ಬಸ್ ತೆಗೀಲಾ? ಇವನು ಇಳಿದು ಬಂದು ಹೊಡೀತಾನೆ ಈಗ,” ಅಂದ.

ನಾನು ಯಾವಾಗಲೂ ತಲೆ ಎಣಿಸುತ್ತೇನೆ. ಇಪ್ಪತ್ತೆರಡು ವರ್ಷ ಒಂದು ಸಲವೂ ಬಿಟ್ಟಿಲ್ಲ. ನಿನ್ನೆ ಎಣಿಸಲಿಲ್ಲ. ಒಬ್ಬರದು ಮಾತ್ರ ಅನುಮಾನ ತಾನೆ? ಕೋಟೆಬಾಗಿಲಿಗೆ ಬೆನ್ನು ಹಾಕಿ, ಮೆಟ್ಟಿಲ ಮೇಲೆ ನಿಂತು ಕೇಳಿದೆ: “ಸಿನ್ಯೋರಾ ಎರ್ಸೀಲಿಯಾ, ನಿಮ್ಮೋರು ಬಂದ್ರಾ?”

“ಹಿಂದಿನ ಸೀಟಿನಲ್ಲಿದಾರೆ,” ಅಂದಳು.

ಹೊರಟೆವು. ನಲವತ್ತು ನಿಮಿಷದ ಇಳಿಜಾರು. ಕೆಳಗಿನ ಹಳೆಯ ಗಿರಣಿಯಲ್ಲಿ ಊಟ ಗೊತ್ತಾಗಿತ್ತು. ಇಳಿಯುವಾಗ ಎಣಿಸಿದೆ. ಹದಿನೇಳು. ಮತ್ತೆ ಎಣಿಸಿದೆ. ಬಸ್ಸಿನೊಳಗೆ ಹೋಗಿ ಸೀಟಿನ ಕೆಳಗೆಲ್ಲ ನೋಡಿದೆ, ಮನುಷ್ಯ ಛತ್ರಿಯೇನೋ ಎಂಬ ಹಾಗೆ.

ಎರ್ಸೀಲಿಯಾ ತಟ್ಟೆಯ ಮುಂದೆ ಕೂತಿದ್ದಳು. ಹೇಳಿದಾಗ ಅವಳ ಮುಖದಲ್ಲಿ ಬಣ್ಣ ಉಳಿಯಲಿಲ್ಲ. “ಹಿಂದೆ ಇದಾರೆ ಅಂದ್ಕೊಂಡೆ,” ಅಂದಳು. ಅಷ್ಟೇ.

ಅವಳನ್ನು ಕರೆದುಕೊಂಡು ಖಾಲಿ ಬಸ್ಸಿನಲ್ಲಿ ಮರಳಿ ಬಂದೆವು. ಊರು ಊಟಕ್ಕೆ ಮುಚ್ಚಿತ್ತು. ಚರ್ಚಿಗೆ ಬೀಗ. ಬಾರಿನವನು ಯಾರನ್ನೂ ನೋಡಿಲ್ಲ. ಮೂರೂವರೆಗೆ ಠಾಣೆಗೆ ಹೋದೆ. ಠಾಣಾಧಿಕಾರಿ ಲೊ ಚಿಚೆರೊ ಸಿಸಿಲಿಯ ಮನುಷ್ಯ, ಮೆಲು ಮಾತು. “ಅವರಿಗೆ ಏನಿಷ್ಟ? ಎಲ್ಲಿ ಹೋಗಿರಬಹುದು?” ಕೇಳಿದರು. ಕಲ್ಲಿನ ಮೇಲಿನ ಬರಹ ಅಂದೆ. ಹಾಗಾದರೆ ಉತ್ತರದ ಕಡೆ ಹಾಳುಬಿದ್ದ ಮಠ ಇದೆ, ಹಳೆಯ ಸ್ಮಶಾನ ಇದೆ, ಅಲ್ಲಿಗೇ ಹೋಗಿರಬೇಕು ಅಂದರು. ನಾಯಿ ಬಂತು, ಅಗ್ನಿಶಾಮಕದವರು ಬಂದರು. ಮಳೆಯಲ್ಲಿ ನಾಯಿಗೆ ವಾಸನೆ ಸಿಗಲಿಲ್ಲ. ಕತ್ತಲಾಗುವವರೆಗೆ ಉತ್ತರದ ಕಾಡೆಲ್ಲ ಕೂಗಿದರು.

ಏನೂ ಇಲ್ಲ.

ಅದೇ ದಿನ, ಸಂಜೆ 5

ಇವತ್ತೂ ಇಲ್ಲ. ಮಠದ ಬಾವಿಗೆ ಇಳಿದು ನೋಡಿದರು.

ಗುಂಪಿನವರನ್ನು ಒತ್ತಾವಿಯೊ ಇಲ್ಲಿನ ಸಣ್ಣ ಹೋಟೆಲಿಗೆ ತಂದಿದ್ದಾನೆ. ಯಾರೂ ಜೋರಾಗಿ ಮಾತಾಡುವುದಿಲ್ಲ. ಮಫಾಲ್ದಾ ಬೆಳಿಗ್ಗೆಯಿಂದ ಎರ್ಸೀಲಿಯಾಳ ಪಕ್ಕ ಜಪಮಾಲೆ ಹಿಡಿದು ಕೂತಿದ್ದಾಳೆ. ಕೆಟ್ಟವಳಲ್ಲ.

ಆಫೀಸಿಗೆ ಫೋನ್ ಮಾಡಿದೆ. ಮಾಲೀಕ ಗಿಸ್ಲಾಂದಿ ಮೊದಲು ನಿಟ್ಟುಸಿರು ಬಿಟ್ಟರು. ಆಮೇಲೆ: “ನಾಳೆ ಹತ್ತಕ್ಕೆ ಹೊರಡಿ. ಸ್ಪೆಲ್ಲೊ ಹೋಟೆಲಿನವರು ಕೋಣೆ ಹಿಡಿದಿಟ್ಟಿದಾರೆ. ಹದಿನಾರು ಜನ ದುಡ್ಡು ಕೊಟ್ಟಿದಾರೆ.”

“ಸಿನ್ಯೋರ್, ಒಬ್ಬ ಮನುಷ್ಯ ಸಿಕ್ಕಿಲ್ಲ.”

“ನೀವು ಅಲ್ಲಿ ನಿಂತ್ರೆ ಸಿಗ್ತಾರಾ? ಹುಡುಕೋರು ಹುಡುಕ್ತಾರೆ. ನೀವು ಎಣಿಸಬೇಕಾದಾಗ ಎಣಿಸಲಿಲ್ಲ. ಈಗ ಹೇಳಿದ್ದನ್ನಾದ್ರೂ ಮಾಡಿ.”

ಫೋನ್ ಇಟ್ಟು, ಹತ್ತಕ್ಕೆ ಹೊರಡಬೇಕೆಂದು ಒತ್ತಾವಿಯೊಗೆ ಹೇಳಿದೆ.

ಸೆಪ್ಟೆಂಬರ್ 16, ಶುಕ್ರವಾರ. ಸ್ಪೆಲ್ಲೊ. ಸಂಜೆ 4



ಬೆಳಿಗ್ಗೆ ಒಂಬತ್ತಕ್ಕೆ, ಪೊಜ್ಜೊ ಆರ್ಸೊ ಬಿಡುವ ಮೊದಲು, ಎರ್ಸೀಲಿಯಾ ನನ್ನನ್ನು ಚರ್ಚಿನ ಮುಂದಿನ ಕಟ್ಟೆಗೆ ಕರೆದಳು. ಅವಳು ಅಲ್ಲಿಯೇ ಉಳಿಯುವುದೆಂದು ತೀರ್ಮಾನವಾಗಿತ್ತು, ಬಾರಿನವನ ಮನೆಯಲ್ಲಿ. ಊರಿನಿಂದ ತಾರ್ಚೀಸಿಯೊ ಅವರ ತಮ್ಮನ ಮಗ ಹೊರಟಿದ್ದಾನೆ. ಸಮಾಧಾನ ಹೇಳಲು ಬಾಯಿ ತೆರೆದೆ. ನನ್ನ ತೋಳು ಹಿಡಿದಳು.

“ಅವರು ಹಿಂದಿನ ಸೀಟಲ್ಲಿರ್ಲಿಲ್ಲ. ನಂಗೊತ್ತಿತ್ತು.”

ಅವಳನ್ನು ಕಟ್ಟೆಯ ಮೇಲೆ ಕೂರಿಸಿದೆ.

“ಕೋಟೆಬಾಗಿಲ ಕಮಾನಿನ ಕೆಳಗೆ ಬರ್ತಿದ್ರು. ಟೋಪಿ ಎತ್ತಿ ಬೀಸ್ತಿದ್ರು. ನಾನು ಆ ಕಡೆ ಕಿಟಕೀಲಿದ್ದೆ, ನೋಡ್ದೆ. ಒಂದು ಸಲ… ಒಂದೇ ಒಂದು ಸಲ ಅವರು ಬಸ್ಸಿನ ಹಿಂದೆ ಓಡ್ಲಿ ಅನ್ನಿಸ್ತು. ಒಂದು ಸಲ ಅವರು ಕಾಯಲಿ. ಕೆಳಗಿನ ಕಾರಂಜಿ ಹತ್ರ ಬಸ್ ಬಂದಾಗ ಅಯ್ಯೋ ಇವರಿಲ್ಲ ಅಂತ ಕೂಗೋಣ ಅಂತಿದ್ದೆ. ಹತ್ತು ನಿಮಿಷ. ಅಷ್ಟೇ ರೀ.”

“ಕೂಗಲಿಲ್ಲ ಯಾಕೆ?”

“ಮಫಾಲ್ದಾ ನಂಗೆ ಬಿಸ್ಕತ್ತು ಕೊಟ್ಟಳು. ‘ಇವತ್ತು ಸಮಯಕ್ಕೆ ಸರಿಯಾಗಿ ಹೊರಟ್ವಿ, ಶಹಬ್ಬಾಸ್’ ಅಂದಳು. ಎಲ್ಲಾ ನನ್ನ ನೋಡಿ ನಕ್ರು, ಚೆನ್ನಾಗಿ ನಕ್ರು. ಬಾಯಿ ಬರ್ಲಿಲ್ಲ. ಕಾರಂಜಿ ದಾಟಿಹೋಯ್ತು.” ಆಮೇಲೆ, “ಅವರು ನನ್ನ ನೋಡಲಿಲ್ಲ. ಕನ್ನಡಕ ಕೈಯಲ್ಲಿತ್ತು, ಮಳೆನೀರು ಒರೆಸ್ಕೋತಿದ್ರು. ಅದೊಂದು ಪುಣ್ಯ.”

ಎರಡು ದಿನ. ಎರಡು ದಿನ ಉತ್ತರದ ಕಾಡಿನಲ್ಲಿ ಹುಡುಕಿದ್ದಾರೆ. ಅವರು ಇದ್ದದ್ದು ದಕ್ಷಿಣದ ಬಾಗಿಲಲ್ಲಿ, ಬಸ್ಸಿನ ಹಿಂದೆ.

“ಈಗಲೇ ಠಾಣೆಗೆ ಹೇಳ್ಬೇಕು,” ಅಂದೆ.

“ಹೇಳಿ. ಹೇಳ್ಬಿಡಿ. ನಾನೇ ಬರ್ತೀನಿ.” ಎದ್ದಳು. ಮೊಣಕಾಲು ಹಿಡಿಯದೆ ಮತ್ತೆ ಕೂತಳು. “ಅವರ ತಮ್ಮನ ಮಗ ಬರ್ತಿದಾನೆ. ಅವನ ಮುಂದೆ… ನಮ್ಮ ಊರಲ್ಲಿ ನಾನು ಇನ್ನು ಹೇಗೆ…”

ಓಡಿದೆ. ಠಾಣೆಯ ಮೆಟ್ಟಿಲು ಹತ್ತುವವರೆಗೂ ಅವಳ ಹೆಸರು ಹೇಳಬೇಕೆಂದೇ ಇದ್ದೆ. ಲೊ ಚಿಚೆರೊ ತಲೆ ಎತ್ತಿ ನೋಡಿದರು. ನನ್ನ ಬಾಯಿಂದ ಬಂದದ್ದು ಬೇರೆ: “ನನಗೀಗ ನೆನಪಾಯ್ತು. ಬಸ್ ಹೊರಟಾಗ ಕಮಾನಿನ ಕೆಳಗೆ ಒಬ್ಬರು ಟೋಪಿ ಬೀಸ್ತಿದ್ರು. ಊರಿನೋರು ಅಂದ್ಕೊಂಡೆ. ಅವರೇ ಇರಬೇಕು.”

ಅವರು ಪೆನ್ನು ಕೆಳಗಿಟ್ಟರು. “ಎರಡು ದಿನ ಆದ ಮೇಲೆ ನೆನಪಾಯ್ತಾ ಸಿನ್ಯೋರಾ?”

“ಹೌದು.”

“ಬರ್ಕೊಳ್ತೀನಿ. ನೀವು ನೋಡಿದ್ರಿ, ಬಿಟ್ಟು ಹೋದ್ರಿ ಅಂತಾಗುತ್ತೆ.”

“ಬರ್ಕೊಳ್ಳಿ. ಹುಡುಕೋರನ್ನ ಆ ಕಡೆ ಕಳಿಸಿ.”

ಸಹಿ ಹಾಕಿದೆ. ಹತ್ತಕ್ಕೆ ಬಸ್ ಹೊರಟಿತು. ಎರ್ಸೀಲಿಯಾ ಬಾರಿನ ಮುಂದೆ ನಿಂತಿದ್ದಳು. ಯಾರೂ ಕೈಬೀಸಲಿಲ್ಲ, ಬೀಸಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ನಾನು ಎಣಿಸಿದೆ. ಹದಿನಾರು.

ಸೆಪ್ಟೆಂಬರ್ 17, ಶನಿವಾರ. ಮಧ್ಯಾಹ್ನ 2.30

ಬೆಳಿಗ್ಗೆ ಚರ್ಚಿನ ಚಿತ್ರಗಳನ್ನು ತೋರಿಸಿದೆ. ಬಾಯಿ ತಾನೇ ಹೇಳುತ್ತಿತ್ತು — ಯಾವ ವರ್ಷ, ಯಾರು ಬರೆಸಿದ್ದು, ನೀಲಿ ಎಲ್ಲಿಂದ ತಂದದ್ದು. ಎಣ್ಣೆಗಾಣದಲ್ಲಿ ಬ್ರೆಡ್ಡಿಗೆ ಎಣ್ಣೆ ಅದ್ದಿ ಕೊಟ್ಟರು. ಯಾರೋ ಎಣ್ಣೆಯನ್ನು ಗಡ್ಡಕ್ಕೆ ಸುರಿದುಕೊಂಡರು, ಇನ್ನೊಬ್ಬರು ಏನೋ ಅಂದರು, ಇಡೀ ಮೇಜು ನಕ್ಕಿತು. ಮೂರು ದಿನದಲ್ಲಿ ಮೊದಲ ನಗು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಿಲ್ಲಿಸಿದರು. ಐದು ನಿಮಿಷಕ್ಕೆ ಮತ್ತೆ ನಕ್ಕರು. ನಾನೂ ನಕ್ಕೆ. ಬಿಸಿಲು ಚೆನ್ನಾಗಿತ್ತು. ಏನು ಮಾಡುವುದು.

ಹನ್ನೆರಡೂಕಾಲಿಗೆ ಫೋನ್. ಸಿಕ್ಕಿದ್ದಾರೆ. ಜೀವ ಇದೆ.

ದಕ್ಷಿಣದ ಬಾಗಿಲಿಂದ ಒಂದು ಕತ್ತೆದಾರಿ ಇಳಿಯುತ್ತದೆ. ರಸ್ತೆ ಸುತ್ತಿ ಬರುವ ತಿರುವಿಗೆ ನೇರವಾಗಿ. ಮಳೆಯಲ್ಲಿ ಅಲ್ಲಿ ಜಾರಿ ಹಳೆಯ ಸುಣ್ಣದ ಗೂಡಿನ ಗುಂಡಿಗೆ ಬಿದ್ದಿದ್ದಾರೆ. ಸೊಂಟದ ಮೂಳೆ ಮುರಿದಿದೆ. ಮೂರು ರಾತ್ರಿ. ಗುಂಡಿಯಲ್ಲಿ ನಿಂತ ಮಳೆನೀರು ಕುಡಿದಿದ್ದಾರೆ.

ಬಸ್ಸಿನಲ್ಲಿ ಹೇಳಿದೆ. ಚಪ್ಪಾಳೆ. ಮಫಾಲ್ದಾ ಮುಖ ಮುಚ್ಚಿಕೊಂಡು ಅತ್ತಳು. ಒತ್ತಾವಿಯೊ ಸ್ಟೀರಿಂಗ್ ಮೇಲೆ ಹಣೆಯಿಟ್ಟ. “ನಿಮ್ಮ ಬೆರ್ಗಮೊದೋರ ಮೂಳೆ ಗಟ್ಟಿ ಅಂತಿದ್ರು,” ಅಂದ ತಲೆ ಎತ್ತಿ, “ಜೀವ ಅದಕ್ಕಿಂತ ಗಟ್ಟಿ.”

ಸೆಪ್ಟೆಂಬರ್ 18, ಭಾನುವಾರ. ಸಂಜೆ 6

ಗುಂಪಿಗೆ ಬಿಡುವಿನ ದಿನ. ನಾನು ಕೆಳಗಿನ ಪಟ್ಟಣದ ಆಸ್ಪತ್ರೆಗೆ ಹೋಗಿದ್ದೆ.

ಎರ್ಸೀಲಿಯಾ ಮಂಚದ ಪಕ್ಕದಲ್ಲಿದ್ದಳು, ಕುಗ್ಗಿ ಇನ್ನೂ ಸಣ್ಣಗಾಗಿ. ನನ್ನನ್ನು ಕಂಡ ಕೂಡಲೇ ತಾರ್ಚೀಸಿಯೊ ಅವಳನ್ನು ಕಾಫಿಗೆ ಕಳಿಸಿದರು. “ಹೋಗಿ ಬಾರೇ. ನಾನೇನೂ ಎದ್ದು ಓಡಲ್ಲ ಈಗ.”

ಉಸಿರು ಗೊರಗೊರ ಎನ್ನುತ್ತಿತ್ತು. ತುಟಿ ಒಡೆದಿತ್ತು. ಕಣ್ಣು ಮಾತ್ರ ಹಳೆಯದೇ.

“ಠಾಣೆಯೋರು ಬಂದಿದ್ರು,” ಅಂದರು. “ಕಮಾನಿನ ಕೆಳಗೆ ನೀವು ನನ್ನ ನೋಡಿದ್ರಿ ಅಂತ ಬರೆಸಿದೀರಂತೆ.”

“ಹೌದು.”

“ನೀವು ನಂಗೆ ಬೆನ್ನು ಹಾಕಿ ನಿಂತಿದ್ರಿ ನಿವೆಸ್. ನಿಮ್ಮ ಜಡೆ ಮಾತ್ರ ಕಾಣಿಸ್ತಿತ್ತು ನಂಗೆ. ನನ್ನ ನೋಡಿದೋರು ಬಸ್ಸಲ್ಲಿ ಒಬ್ಬರೇ.”

ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡೆ.

“ಕನ್ನಡಕ ಒರೆಸಿ ಹಾಕ್ಕೊಂಡೆ. ಸರಿಯಾಗಿ ಕಾಣಿಸ್ತು. ಅವಳು ಕಿಟಕಿ ಪರದೆ ಎಳೆದಳು.”

“ಸಿಟ್ಟು ಬಂತಾ?”

“ನಗು ಬಂತು. ಪರವಾಗಿಲ್ವೇ ನನ್ನ ಮುದುಕಿ, ಅಂದ್ಕೊಂಡೆ. ಇಷ್ಟು ವರ್ಷ ಎಲ್ಲಿಟ್ಟಿದ್ದಳು ಇದನ್ನ. ತಿರುವಿನಲ್ಲಿ ಬಸ್ ಹಿಡಿದು, ಹತ್ತಿ, ಅವಳ ಪಕ್ಕ ಕೂತು, ಏನೂ ಆಗದೋರ ಥರ ಇರೋಣ ಅಂತ ಓಡ್ದೆ. ಅವಳ ಮುಖ ನೋಡ್ಬೇಕಿತ್ತು ನಂಗೆ.” ಕೆಮ್ಮಿದರು. ನೀರು ಕುಡಿಸಿದೆ. “ಗುಂಡೀಲಿ ಮೊದಲನೇ ದಿನ ಸಿಟ್ಟೂ ಬಂತು ಅನ್ನಿ. ಕೆಟ್ಟ ಕೆಟ್ಟ ಮಾತೆಲ್ಲ ಅಂದೆ, ಯಾರೂ ಕೇಳೋರಿರ್ಲಿಲ್ಲ. ಆಮೇಲೆ ಲೆಕ್ಕ ಹಾಕ್ದೆ, ಅವಳು ನಂಗೆ ಕಾದಿದ್ದೆಲ್ಲ ಸೇರಿಸಿದ್ರೆ ಎಷ್ಟು ದಿನ ಆಗ್ಬಹುದು ಅಂತ. ಮೂರಕ್ಕಿಂತ ಜಾಸ್ತೀನೇ.”

ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಅವಳಿಗೆ ಹೇಳ್ಬೇಡಿ. ನಾನು ನೋಡಿದೆ ಅಂತ ಗೊತ್ತಾದ್ರೆ ಬದುಕಿರೋವರೆಗೂ ಕ್ಷಮೆ ಕೇಳ್ತಾನೇ ಇರ್ತಾಳೆ. ಸಾಕು ಅವಳು ಕೇಳಿದ್ದು. ಮಾತು ಕೊಡಿ.”

ಕೊಟ್ಟೆ.

ಸೆಪ್ಟೆಂಬರ್ 19, ಸೋಮವಾರ. ಮಧ್ಯಾಹ್ನ 1

ಬೆವಾನ್ಯ. ಊಟದ ಮಧ್ಯದಲ್ಲಿ ಎರ್ಸೀಲಿಯಾಳ ಫೋನ್, ಆಸ್ಪತ್ರೆಯಿಂದ. ಹೋಟೆಲಿನ ಅಡುಗೆಮನೆಯಲ್ಲಿ ನಿಂತು ಮಾತಾಡಿದೆ. ಸುತ್ತ ಪಾತ್ರೆಗಳ ಸದ್ದು.

“ಹೇಳಿಬಿಡ್ಲಾ ಅವರಿಗೆ? ಎದೆ ಒಡೀತಿದೆ. ಅವರು ಏನೂ ಗೊತ್ತಿಲ್ಲದೆ ನನ್ನ ನೋಡಿ ನಗ್ತಾರೆ ಮಗಳೇ. ನಂಗೆ ತಡ್ಕೊಳಕ್ಕಾಗ್ತಿಲ್ಲ.”

ಮಗಳೇ ಅಂದಳು. ಮೊದಲ ಸಲ.

ಏನು ಹೇಳಲಿ. ಅವರಿಗೆ ಗೊತ್ತಿದೆ ಅನ್ನಲಾ? ಮಾತು ಕೊಟ್ಟು ಒಂದು ದಿನವೂ ಆಗಿಲ್ಲ. ಹೇಳಿ ಅನ್ನಲಾ? ಅವರು ಬೇಡವೆಂದದ್ದು ಅದನ್ನೇ. ಹೇಳಬೇಡಿ ಅನ್ನಲು ನಾನ್ಯಾರು.

“ಸ್ವಲ್ಪ ಚೇತರಿಸಿಕೊಳ್ಳಲಿ,” ಅಂದೆ. “ಉಸಿರಾಟ ಸರಿಯಾಗ್ಲಿ. ಮನೆಗೆ ಹೋದ ಮೇಲೆ, ನಿಧಾನವಾಗಿ ಕೂತು ಹೇಳಿ.”

“ಹಾಗಂತೀರಾ?”

“ಹೌದು.”

“ಸರಿ. ನೀವು ಹೇಳಿದ ಹಾಗೇ ಮಾಡ್ತೀನಿ.”

ದನಿ ಹಗುರಾಯಿತು ಅನ್ನಿಸಿತು. ನನ್ನದೂ. ಹೋಗಿ ಊಟ ಮುಗಿಸಿದೆ.

ಸೆಪ್ಟೆಂಬರ್ 21, ಬುಧವಾರ. ಬಸ್ಸಿನಲ್ಲಿ, ಬೆಳಿಗ್ಗೆ 11

ನಿನ್ನೆ ಮಧ್ಯಾಹ್ನ ನಾಲ್ಕಕ್ಕೆ ತಾರ್ಚೀಸಿಯೊ ಹೋದರು. ಶ್ವಾಸಕೋಶಕ್ಕೆ ನೀರು ಸೇರಿತ್ತು.

ಒತ್ತಾವಿಯೊ ರೇಡಿಯೊ ಹಾಕಿಲ್ಲ. ಎಲ್ಲರೂ ಊರಿಗೆ. ಹೊರಗೆ ಸೂರ್ಯಕಾಂತಿ ಹೊಲ, ಕಟಾವಿಗೆ ಬಂದು ಕರ್ರಗಾಗಿವೆ. ಮಫಾಲ್ದಾ ಎದ್ದು ಬಂದು ನನ್ನ ಪಕ್ಕ ಕೂತಳು. “ಆ ಗಂಟೆ ಕಟ್ಟೋ ಮಾತು ನಾನು ಆಡಬಾರದಿತ್ತು,” ಅಂದಳು. ಪರವಾಗಿಲ್ಲ ಅನ್ನಲು ನನಗೂ ಬರಲಿಲ್ಲ.

ನನ್ನಿಂದ. ಸೋಮವಾರ ಅವಳಿಗೆ ‘ಹೇಳಿ’ ಅಂದಿದ್ದರೆ ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. ಅವರು ನಗುತ್ತಿದ್ದರು. ಅವಳಿಗೆ ಅದು ಕಿವಿಯಾರೆ ಕೇಳುತ್ತಿತ್ತು. ಒಂದೇ ದಿನ ಇತ್ತು, ಅದನ್ನು ನಾನು ತಡೆದೆ.

ಸೆಪ್ಟೆಂಬರ್ 22, ಗುರುವಾರ. ರೈಲಿನಲ್ಲಿ

ಗುಂಪನ್ನು ಇಳಿಸಿ, ರಾತ್ರಿಯ ರೈಲು ಹಿಡಿದು ಆಸ್ಪತ್ರೆಗೆ ಹೋಗಿದ್ದೆ. ಹೋಗೆಂದು ಯಾರೂ ಹೇಳಿರಲಿಲ್ಲ. ಶವದ ಗಾಡಿ ಒಂಬತ್ತಕ್ಕೆ ಹೊರಟಿತು. ಹಿಂದೆ ತಮ್ಮನ ಮಗನ ಕಾರು. ಅವನು ನನ್ನ ಮುಖ ನೋಡಲಿಲ್ಲ. ಅವನಿಗೆ ನಾನು ಅವನ ದೊಡ್ಡಪ್ಪನನ್ನು ಕಂಡೂ ಬಿಟ್ಟು ಹೋದವಳು.

ಎರ್ಸೀಲಿಯಾ ಕಾರಿನಿಂದ ಕೈ ಚಾಚಿದಳು. ಹಿಡಿದುಕೊಂಡೆ.

“ಅವರಿಗೆ ಗೊತ್ತಿರ್ಲಿಲ್ಲ ತಾನೆ? ನಿಮ್ಮ ಹತ್ರ ಏನಾದ್ರೂ ಅಂದಿದ್ರಾ?”

ಕೊಟ್ಟ ಮಾತು. ಇಷ್ಟಾದರೂ ಉಳಿಸಿಕೊಳ್ಳೋಣ ಅಂದುಕೊಂಡೆ. ಅವಳಿಗೆ ನೆಮ್ಮದಿ ಅದರಲ್ಲೇ ಇದೆ ಅಂದುಕೊಂಡೆ.

“ಏನೂ ಅನ್ನಲಿಲ್ಲ. ಗೊತ್ತಿರ್ಲಿಲ್ಲ.”

ತಲೆಯಾಡಿಸಿದಳು. ನೆಮ್ಮದಿಯಲ್ಲ ಅದು. ಮುಖದಲ್ಲಿ ಏನೋ ಆರಿಹೋಯಿತು.

“ಗೊತ್ತಿದ್ದಿದ್ರೆ ಚೆನ್ನಾಗಿತ್ತು,” ಅಂದಳು. “ಸೋಮವಾರ ಮಧ್ಯಾಹ್ನವೆಲ್ಲ ನನ್ನ ಕೈ ಬಿಡಲೇ ಇಲ್ಲ ಅವರು. ಗೊತ್ತಿದ್ದೂ ಹಿಡ್ಕೊಂಡಿದ್ರು ಅಂದಿದ್ರೆ, ಅದನ್ನೇ ಇಟ್ಕೊಂಡು ಇರ್ತಿದ್ದೆ. ಗೊತ್ತಿಲ್ಲದೆ ಹಿಡ್ಕೊಂಡಿದ್ರು ಅಂದ್ರೆ… ನಾನು ಕದ್ದಂಗಾಯ್ತಲ್ಲ ಮಗಳೇ.”

ಬಾಯಿ ತೆರೆದೆ. ತಮ್ಮನ ಮಗ ಗೇರು ಹಾಕಿದ. ಕೈ ಜಾರಿತು.

ಅಕ್ಟೋಬರ್ 6, ಗುರುವಾರ

ಆಫೀಸಿಗೆ ಕರೆದಿದ್ದರು. ಗಿಸ್ಲಾಂದಿ ಕುರ್ಚಿ ತೋರಿಸಲಿಲ್ಲ. ಕೆಲಸ ಇಲ್ಲ ಇನ್ನು. ಠಾಣೆಯ ಕಾಗದದ ಪ್ರತಿ ಮೇಜಿನ ಮೇಲಿತ್ತು, ನನ್ನ ಸಹಿ ಕಾಣುವ ಹಾಗೆ. “ಎಣಿಸದೆ ಇದ್ದದ್ದನ್ನ ಹೇಗೋ ಮುಚ್ಚಬಹುದಿತ್ತು. ನೋಡಿದೆ ಅಂತ ಯಾಕೆ ಬರೆಸಿದ್ರಿ?”

ನೋಡಿದ್ದೆ ಅದಕ್ಕೆ, ಅಂದೆ.

ತಮ್ಮನ ಮಗ ನನ್ನ ಮೇಲೆ ದೂರು ಕೊಡಲು ಹೊರಟಿದ್ದನಂತೆ. ಎರ್ಸೀಲಿಯಾ ಬೇಡವೆಂದು ಬರೆದುಕೊಟ್ಟಳಂತೆ.

ಮನೆಗೆ ಬಂದು ಅವಳಿಗೆ ಫೋನ್ ಮಾಡಿದೆ. ಆರು ಸಲ ಹೊಡೆದುಕೊಂಡಿತು. “ಯಾರು?” ಅಂದಳು. ನಾನು ಇಟ್ಟುಬಿಟ್ಟೆ.

ಅಕ್ಟೋಬರ್ 17

ಮೂರು ಕಾಗದ ಬರೆದು ಹರಿದೆ. ಬರೆದರೆ ಸುಳ್ಳಿನ ಹಾಗೆ ಕಾಣುತ್ತದೆ — ನೊಂದ ಹೆಂಗಸಿಗೆ ಸಮಾಧಾನಕ್ಕೆಂದು ಕಟ್ಟಿದ ಕಥೆಯ ಹಾಗೆ. ಮೊದಲು ಒಂದು ಹೇಳಿದವಳು ಈಗ ಇನ್ನೊಂದು ಹೇಳಿದರೆ ಯಾವುದನ್ನು ನಂಬಿಯಾಳು. ನಂಬಿದರೂ ಅವರು ಬೇಡವೆಂದದ್ದೇ ಆಗಬಹುದು. ಸಾಯುವವರೆಗೂ ಖಾಲಿ ಕುರ್ಚಿಯ ಹತ್ತಿರ ಕ್ಷಮೆ ಕೇಳುತ್ತ ಕೂತಾಳು.

ಅವರ ಮಾತು ಮೀರಲೋ, ಅವಳನ್ನು ಹಾಗೆಯೇ ಬಿಡಲೋ. ಕೇಳೋಣವೆಂದರೆ ಕೇಳಬೇಕಾದವರು ಇಲ್ಲ.

ಅಕ್ಟೋಬರ್ 26, ಬುಧವಾರ. ಬೆಳಿಗ್ಗೆ 10.40

ಅವರ ಊರು. ಬಸ್ ನಿಲ್ದಾಣದ ಬೆಂಚು. ಎದುರಿಗೆ ರಸ್ತೆಯಾಚೆ ಮನೆ. ಹಸಿರು ಕಿಟಕಿ, ಅಂಗಳದಲ್ಲಿ ಒಂದು ಪರ್ಸಿಮನ್ ಮರ. ಎಲೆಯೆಲ್ಲ ಉದುರಿ ಹಣ್ಣು ಮಾತ್ರ ನಿಂತಿವೆ. ಒಂಬತ್ತಕ್ಕೇ ಬಂದೆ. ಎರಡು ಬಸ್ ಬಂದು ಹೋದವು. ಎರಡನೆಯದರ ಡ್ರೈವರ್, “ಹತ್ತೋದಿಲ್ವಾ?” ಕೇಳಿದ. ಇಲ್ಲ ಅಂದೆ.

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಈಗ ಒಂದು ಪದವೂ ಜೊತೆಗಿಲ್ಲ. ಅವರು ನಕ್ಕರು ಎಂಬಲ್ಲಿಂದ ಶುರು ಮಾಡಲಾ. ಸಿಟ್ಟೂ ಬಂದಿತ್ತು ಎನ್ನುವುದನ್ನು ಬಿಡಲಾ, ಸೇರಿಸಲಾ. ಸೇರಿಸಬೇಕು. ಸೇರಿಸಿದರೆ ನಂಬುತ್ತಾಳೆ.

ಬಾಗಿಲು ತೆರೆಯಿತು. ಅವಳೇ. ಕಪ್ಪು ಸ್ವೆಟರ್, ಕೈಯಲ್ಲಿ ಬುಟ್ಟಿ. ಹಣ್ಣು ಕೀಳಲು ಇರಬೇಕು. ಏಣಿ ಹಾಕುತ್ತಿದ್ದಾಳೆ — ಒಬ್ಬಳೇ, ಆ ಮೊಣಕಾಲಿಟ್ಟುಕೊಂಡು.

ನೋಡಿದಳು ನನ್ನನ್ನು. ಬುಟ್ಟಿ ಕೆಳಗಿಟ್ಟಳು. ಗೇಟಿನವರೆಗೆ ಬಂದು ನಿಂತಿದ್ದಾಳೆ. ಕರೆಯುತ್ತಲೂ ಇಲ್ಲ, ಒಳಗೆ ಹೋಗುತ್ತಲೂ ಇಲ್ಲ.

ಏಳಬೇಕು. ಮೊದಲ ಮಾತು ಇದು: ಸಿನ್ಯೋರಾ ಎರ್ಸೀಲಿಯಾ, ಅವರು ಕನ್ನಡಕ ಒರೆಸಿ ಹಾಕ್ಕೊಂಡ್ರು, ನಿಮ್ಮನ್ನ —